ಆರನೇ ಕ್ಯಾಮೆರಾಕ್ಕೆ ಬೇಕಾದ ವೇಗ

೨೦೨೫ನೇ ಇಸವಿ ಫೆಬ್ರುವರಿ ೧೬, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಮಾವಿನಹಳ್ಳದ ಬೆಳೆಗಾರರ ಸಂಘದ ಗೋಡೌನಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ವಿನುತಾ ಶಾಲು ಹೊದ್ದು ಕುಳಿತು, ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನ ವೇಗವನ್ನು ಇನ್ನೊಂದು ಹದಿನೈದು ಮೆಗಾಹರ್ಟ್ಸ್ ಏರಿಸಿದಳು. ಏರಿಸಿದವಳು ಮೌಸಿನ ಮೇಲಿದ್ದ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಇನ್ನು ಅರ್ಧ ಗಂಟೆ ಏನನ್ನೂ ಮುಟ್ಟುವಂತಿಲ್ಲ. ಅದು ಅವಳೇ ಹಾಕಿಕೊಂಡ ನಿಯಮ.

ಗೋಡೌನಿನಲ್ಲಿ ಒಟ್ಟಿದ್ದ ಕಾಫಿ ಮೂಟೆಗಳ ಹುಳಿವಾಸನೆ ಕೋಣೆಗೂ ಬರುತ್ತಿತ್ತು. ಕಾರ್ಡಿನ ಎರಡು ಫ್ಯಾನುಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಹೊರಗೆ ಹದಿನಾಲ್ಕು ಡಿಗ್ರಿ ಚಳಿ. ಪರದೆಯ ಮೇಲೆ ಕಾರ್ಡಿನ ತಾಪ ಅರವತ್ತೊಂದು ಡಿಗ್ರಿ.

ಬಾಗಿಲು ತಳ್ಳಿಕೊಂಡು ಅವಳ ಅತ್ತೆ ಸುಲೋಚನಮ್ಮ ಫ್ಲಾಸ್ಕಿನೊಂದಿಗೆ ಒಳಗೆ ಬಂದರು.

"ಈ ಕೋಣೆಗೆ ಬಂದಾಗಲೆಲ್ಲ ಬಾಣಂತಿ ಕೋಣೆಗೆ ಬಂದಂಗಾಗ್ತದೆ ಕಣೇ. ಜ್ವರ ನೋಡೋದು, ಗಾಳಿ ಆಡ್ತಿದೆಯಾ ನೋಡೋದು, ಬಾಗಿಲು ಮೆಲ್ಲಗೆ ಹಾಕಿ ಅನ್ನೋದು. ಇವತ್ತು ಎಷ್ಟಿದೆ ಕೂಸಿಗೆ?"

"ಅರವತ್ತೊಂದು, ಅತ್ತೆ."

"ನಮಗಾಗಿದ್ರೆ ಇಷ್ಟೊತ್ತಿಗೆ ಬೂದಿ."

ವಿನುತಾ ಕೊಡ್ಲಿಪೇಟೆಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಈ ಊರಿಗೆ ಸೊಸೆಯಾಗಿ ಬಂದು ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಕಾಡಿನಂಚಿನಲ್ಲಿ ಆನೆಗಳು ತೋಟಕ್ಕೆ ಇಳಿಯುವ ಐದು ಕಡೆ ಕಂಬ ನೆಟ್ಟು ಕ್ಯಾಮೆರಾ ಹಾಕಿಸಿದ್ದು ಸಂಘ. ಆ ಕ್ಯಾಮೆರಾಗಳಿಗೆ ಬುದ್ಧಿ ಕೊಟ್ಟಿದ್ದು ವಿನುತಾ. ಐದೂ ಕಡೆಯ ಚಿತ್ರಗಳು ತಂತಿಯಲ್ಲಿ ಈ ಕೋಣೆಗೆ ಬರುತ್ತವೆ. ಕಂಪ್ಯೂಟರು ಒಂದಾದ ಮೇಲೊಂದರಂತೆ ಚಿತ್ರಗಳನ್ನು ನೋಡಿ, ಆನೆ ಇದೆಯೋ ಇಲ್ಲವೋ ತೀರ್ಮಾನಿಸುತ್ತದೆ. ಇದ್ದರೆ ಕಂಬದ ಮೇಲಿನ ಕೆಂಪು ದೀಪ ಹತ್ತುತ್ತದೆ, ಊರವರ ಫೋನುಗಳೆಲ್ಲ ಒಟ್ಟಿಗೆ ಕೂಗುತ್ತವೆ. ಆ ತೀರ್ಮಾನದ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಆಟ ಆಡುವವರಿಗಾಗಿ ಮಾಡಿದ ವಸ್ತುವೇನೋ ಹೌದು, ಆದರೆ ಲಕ್ಷಗಟ್ಟಲೆ ಸಣ್ಣ ಲೆಕ್ಕಗಳನ್ನು ಒಂದೇ ಏಟಿಗೆ ಮಾಡುವುದರಲ್ಲಿ ಅದರ ಸಮಕ್ಕೆ ಬೇರೆ ಯಾವುದೂ ಇಲ್ಲ. ಮೊದಮೊದಲು ಅದು ಎಮ್ಮೆಗಳನ್ನೂ ಆನೆ ಎನ್ನುತ್ತಿತ್ತು. ವಿನುತಾ ಮತ್ತು ಅವಳ ವಿದ್ಯಾರ್ಥಿಗಳು ಊರಿನ ಎಮ್ಮೆಗಳನ್ನೆಲ್ಲ ಬಿಸಿಲು, ಮಂಜು, ಮುಸ್ಸಂಜೆಗಳಲ್ಲಿ ಫೋಟೋ ತೆಗೆದು ತೆಗೆದು ಅದಕ್ಕೆ ಕಲಿಸಿದ್ದರು.

ಈಗ ಬೇಕಾಗಿದ್ದು ಆರನೇ ಕ್ಯಾಮೆರಾ.

ಕೂಲಿಯವರ ಮನೆಗಳಿರುವ ಎಸ್ಟೇಟ್ ಲೈನುಗಳಿಂದ ಬಸ್ ಸ್ಟಾಪಿಗೆ ಕೆರೆ ಏರಿಯ ಮೇಲೆ ಒಂದು ಕಾಲುದಾರಿ ಇದೆ. ಊರಿನವರು ಅದನ್ನು ಒಡ್ಡಿನ ದಾರಿ ಅನ್ನುತ್ತಾರೆ. ಲೈನಿನ ಮಕ್ಕಳು ಶಾಲೆಗೆ ಹೋಗುವುದು, ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿನವರು ಸಂಜೆ ಅಂಗಡಿಗೆ ಹೋಗಿಬರುವುದು ಅದರಲ್ಲೇ. ನವೆಂಬರಿನ ಒಂದು ಸಂಜೆ ತೋಟದ ಕಾವಲಿನ ಚೋಮ ಅಲ್ಲಿ ಆನೆಗೆ ಎದುರಾಗಿ, ಏರಿಯಿಂದ ಕೆಳಕ್ಕೆ ಬಿದ್ದು ಕಾಲು ಮುರಿದುಕೊಂಡ. ಇವತ್ತಿಗೂ ಕೋಲು ಹಿಡಿದೇ ನಡೆಯುತ್ತಾನೆ. ಅವತ್ತಿನಿಂದ ಸಂಘದ ಅಧ್ಯಕ್ಷ ಶಿವಶಂಕರಪ್ಪನವರದು ಒಂದೇ ಮಾತು: ದಾರಿಗೆ ಗೇಟು ಹಾಕಿ ಬೀಗ ಜಡಿಯೋಣ. ಬೀಗ ಜಡಿದರೆ ಮಕ್ಕಳು ಜೀಪ್ ರಸ್ತೆಯಲ್ಲಿ ಮೂರು ಕಿಲೋಮೀಟರು ಸುತ್ತಬೇಕು. ಅಲ್ಲಿ ಆನೆ ಬರುವುದಿಲ್ಲವೆಂದು ಆನೆ ಎಲ್ಲೂ ಬರೆದುಕೊಟ್ಟಿಲ್ಲ ಎಂಬುದು ವಿನುತಾಳ ವಾದ. ದಾರಿ ಮುಚ್ಚಬೇಡಿ, ಕ್ಯಾಮೆರಾ ಹಾಕೋಣ ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದ್ದಳು.

ಹೇಳಿ ಬಂದ ಮೇಲೆ ಅಳತೆ ಮಾಡಿದಾಗ ಕಷ್ಟ ಗೊತ್ತಾಯಿತು. ಉಳಿದ ಐದು ಕಡೆ ಬಯಲಿದೆ. ಆನೆ ನಿಮಿಷಗಟ್ಟಲೆ ಕಣ್ಣಿಗೆ ಬೀಳುತ್ತದೆ. ಒಡ್ಡಿನ ದಾರಿಯಲ್ಲಿ ಎರಡೂ ಕಡೆ ಲಂಟಾನ ಪೊದೆ, ಸಿಲ್ವರ್ ಓಕು. ನಡುವಿನ ಕಿಂಡಿಯಲ್ಲಿ ನಡೆದುಹೋಗುವ ಆನೆ ಪೂರ್ತಿ ಕಾಣುವುದು ಎರಡೇ ಸೆಕೆಂಡು. ಆರು ಕ್ಯಾಮೆರಾಗಳನ್ನು ಒಂದು ಸುತ್ತು ನೋಡಿ ಮುಗಿಸಲು ಕಾರ್ಡಿಗೆ ಹಿಡಿಯುತ್ತಿದ್ದುದು ೨.೧೪ ಸೆಕೆಂಡು. ಆ ವ್ಯತ್ಯಾಸದಲ್ಲಿ ಆನೆ ಈ ಪೊದೆಯಿಂದ ಆ ಪೊದೆಗೆ ದಾಟಿ ಹೋಗಿರುತ್ತದೆ. ಸಂಘದಲ್ಲಿ ಹಣವಿಲ್ಲ, ಹೊಸ ಕಾರ್ಡಿನ ಮಾತನ್ನು ಮುಂದಿನ ಪಿಕ್ಕಿಂಗಿನ ತನಕ ಎತ್ತುವಂತಿರಲಿಲ್ಲ. ಚಿತ್ರವನ್ನು ಚಿಕ್ಕದು ಮಾಡಿದರೆ ವೇಗ ಬರುತ್ತದೆ, ಆದರೆ ಮರಿಯಾನೆ ತಪ್ಪಿಹೋಗುತ್ತದೆ. ಮರಿಯ ಹಿಂದೆಯೇ ತಾಯಿ ಇರುತ್ತದೆ. ಉಳಿದಿದ್ದು ಒಂದೇ ದಾರಿ: ಇರುವ ಕಾರ್ಡನ್ನೇ, ಅದು ಕೆಡದ ಹಾಗೆ, ತಯಾರಿಸಿದವರು ಇಟ್ಟ ವೇಗಕ್ಕಿಂತ ಮುಂದೆ ಓಡಿಸುವುದು.

ಕಾರ್ಡು ತಂದದ್ದು ಗೋಣಿಕೊಪ್ಪಲಿನ ಕಂಪ್ಯೂಟರ್ ಅಂಗಡಿಯ ಕಿರಣ್‌ಕುಮಾರನಿಂದ. ಹುಡುಗರಿಗೆ ಗೇಮಿಂಗ್ ಕಂಪ್ಯೂಟರು ಕಟ್ಟಿಕೊಡುವುದರಲ್ಲಿ ಅವನ ಕೈ ಪಳಗಿತ್ತು. ವಿನುತಾ ಮೊದಲು ಕೇಳಿದ್ದು ಅವನನ್ನೇ.

"ಅದಕ್ಕೇನು ಮೇಡಂ, ಒಂದೇ ಸಲ ಇನ್ನೂರು ಏರಿಸಿಬಿಡಿ," ಎಂದಿದ್ದ ಫೋನಿನಲ್ಲಿ. "ನಮ್ಮ ಹುಡುಗ್ರೆಲ್ಲ ಹಂಗೇ ಆಡೋದು. ಜಾಸ್ತಿ ಆದ್ರೆ ಗೇಮ್ ಬಂದ್ ಆಗ್ತದೆ, ಮತ್ತೆ ಆನ್ ಮಾಡಿದ್ರಾಯ್ತು. ಏನೂ ಆಗಲ್ಲ."

"ನಿಮ್ಮ ಗೇಮಲ್ಲಿ ಸತ್ತೋನು ಮತ್ತೆ ಎದ್ದು ಬರ್ತಾನೆ ಕಿರಣ್. ಒಡ್ಡಿನ ದಾರೀಲಿ ಬರಲ್ಲ."

"ಹಂಗಾದ್ರೆ ಹದಿನೈದು ಹದಿನೈದೇ ಏರಿಸಿ ಮೇಡಂ. ಒಂದ್ಸಲಕ್ಕೆ ಒಂದನ್ನೇ ಬದಲಾಯಿಸಿ. ಮೆಮೊರಿ ಸ್ಪೀಡು, ಕೋರ್ ಸ್ಪೀಡು ಎರಡನ್ನೂ ಒಟ್ಟಿಗೆ ಎಳೀಬೇಡಿ, ಯಾವ್ದು ಕೈ ಕೊಡ್ತು ಅಂತ ಗೊತ್ತಾಗಲ್ಲ."

ಅವಳು ಹಾಗೆಯೇ ಮಾಡುತ್ತಿದ್ದಳು. ಪ್ರತಿ ಸಲ ಹದಿನೈದು ಏರಿಸುವುದು, ಅರ್ಧ ಗಂಟೆ ಕಾರ್ಡನ್ನು ಬಿಡುವಿಲ್ಲದೆ ದುಡಿಸುವುದು, ಆಮೇಲೆ ಉತ್ತರ ಮೊದಲೇ ಗೊತ್ತಿರುವ ಐನೂರು ಚಿತ್ರಗಳನ್ನು ಕೊಟ್ಟು ಪರೀಕ್ಷೆ ಮಾಡುವುದು. ಕಾಲೇಜಿಗೆ ಹೋಗುವ ಮೊದಲಿನ ಮುಂಜಾವು ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ಗೋಡೌನಿನಲ್ಲಿ ಯಾರೂ ಇರುವುದಿಲ್ಲ, ತಂಪು ಇರುತ್ತದೆ, ಲೈಟು ಒಂದೇ ಸಮನೆ ಉರಿಯುತ್ತದೆ.

ಮಾರನೆಯ ದಿನ, ವೇಗ ನೂರ ಅರವತ್ತೈದು ಏರಿದಾಗ, ಐನೂರರಲ್ಲಿ ಒಂದು ಚಿತ್ರ ತಪ್ಪಾಯಿತು. ಗೋಡೌನಿನ ಮುಂದಿನ ಸಿಮೆಂಟ್ ಕಂಬವನ್ನು ಕಾರ್ಡು ಆನೆ ಎಂದಿತು. ಅದೇ ಚಿತ್ರವನ್ನು ಮತ್ತೆ ಕೊಟ್ಟರೆ ಕಂಬವನ್ನು ಕಂಬ ಎಂದೇ ಹೇಳಿತು. ವಿನುತಾ ಪರದೆಯನ್ನೇ ನೋಡುತ್ತ ಕುಳಿತಳು. ಕಾರ್ಡು ಬಿಸಿಯಾಗಿರಲಿಲ್ಲ, ನಿಂತಿರಲಿಲ್ಲ, ಪರದೆ ಕಪ್ಪಾಗಿರಲಿಲ್ಲ. ತನ್ನ ಮಿತಿ ಮೀರಿದ್ದಕ್ಕೆ ಅದು ಮಾಡಿದ್ದು ಇಷ್ಟೇ: ಸದ್ದಿಲ್ಲದೆ ಒಂದು ಸುಳ್ಳು ಹೇಳಿತ್ತು. ಇವತ್ತು ಕಂಬವನ್ನು ಆನೆ ಎಂದದ್ದು ನಾಳೆ ಆನೆಯನ್ನು ಕಂಬ ಎನ್ನಬಹುದು.

ಅವಳು ವೇಗವನ್ನು ನೂರ ಇಪ್ಪತ್ತಕ್ಕೆ ಇಳಿಸಿದಳು. ಒಂದು ಸುತ್ತಿಗೆ ೧.೯೦ ಸೆಕೆಂಡು. ಐನೂರಕ್ಕೆ ಐನೂರೂ ಸರಿ. ಏರಿಸುವುದು ಯಾರಿಗಾದರೂ ಬರುತ್ತದೆ, ಎಲ್ಲಿಗೆ ಇಳಿಸಬೇಕೆಂದು ತಿಳಿದಿರುವುದು ನನಗೆ ಎಂದು ಅವಳಿಗೆ ಹೆಮ್ಮೆಯಾಯಿತು. ಸಂಘಕ್ಕೆ ಹೇಳಿಕಳಿಸಿದಳು: ಭಾನುವಾರ ಸಂಜೆ ಬನ್ನಿ, ತೋರಿಸುತ್ತೇನೆ.

ಅದೇ ವಾರ ಊರಿನಲ್ಲಿ ಹೂವಿನ ನೀರು ಶುರುವಾಯಿತು. ಪಿಕ್ಕಿಂಗ್ ಮುಗಿದು ಮೊಗ್ಗು ಬಲಿತ ರೊಬಸ್ಟಾ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರಿನಲ್ಲಿ ನೀರು ಕೊಟ್ಟರೆ ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಪಕ್ಕದ ತೋಟದಲ್ಲಿ ಹೂವು ಬಿಟ್ಟಾಗಲೇ ನಮ್ಮದೂ ಬಿಟ್ಟರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಅದಕ್ಕೇ ಮಾವಿನಹಳ್ಳದವರು ಮಾತಾಡಿಕೊಂಡು ಎಲ್ಲರೂ ಅದೇ ಒಂದೆರಡು ವಾರ ಒಟ್ಟಿಗೆ ಮೋಟಾರು ಹಾಕುತ್ತಾರೆ. ತ್ರೀ ಫೇಸ್ ಕರೆಂಟು ಬರುವುದು ಸಂಜೆ ಆರಕ್ಕೆ. ಅಷ್ಟು ಹೊತ್ತಿಗೆ ಪಂಪ್‌ಹೌಸಿಗೆ ಓಡುವ ಕಷ್ಟ ಬೇಡವೆಂದು ಪ್ರತಿಯೊಬ್ಬರೂ ಆಟೋ ಸ್ಟಾರ್ಟರ್ ಹಾಕಿಸಿದ್ದಾರೆ. ಕರೆಂಟು ಬಂದ ಕೂಡಲೇ ಊರಿನ ಮೋಟಾರುಗಳೆಲ್ಲ ತಾವಾಗಿಯೇ ಒಟ್ಟಿಗೆ ಎದ್ದು ಕೂರುತ್ತವೆ.

ಇಪ್ಪತ್ಮೂರನೇ ತಾರೀಕು ಭಾನುವಾರ ಐದೂವರೆಗೆ ಸಂಘದವರು ಕೋಣೆಯೊಳಗೂ ಬಾಗಿಲಲ್ಲೂ ತುಂಬಿಕೊಂಡರು. ವಿನುತಾಳ ಗಂಡ ಪ್ರಸಾದ್ ಒಡ್ಡಿನ ದಾರಿಯ ಕಂಬ ಹತ್ತಿ ಕ್ಯಾಮೆರಾ ಕಟ್ಟಿ ಬಂದಿದ್ದ. ಶಿವಶಂಕರಪ್ಪನವರು ಇದ್ದ ಒಂದೇ ಕುರ್ಚಿಯಲ್ಲಿ ಕುಳಿತರು. ಅವರು ಪ್ರಸಾದನ ದೊಡ್ಡಪ್ಪನ ವರಸೆ. ವಿನುತಾ ಅವರನ್ನು ದೊಡ್ಡಮಾವ ಅನ್ನುತ್ತಿದ್ದಳು.

"ಏನಮ್ಮ, ಕಾರ್ಡಿಗೆ ಏನೋ ಟಾನಿಕ್ ಕುಡಿಸಿದ್ದೀಯಂತೆ?"

"ಟಾನಿಕ್ ಅಲ್ಲ ದೊಡ್ಡಮಾವ, ವ್ಯಾಯಾಮ. ನೋಡಿ, ಆರು ಕ್ಯಾಮೆರಾ, ಒಂದು ಪಾಯಿಂಟ್ ಒಂಬತ್ತು ಸೆಕೆಂಡು."

ಪರದೆಯ ಮೇಲೆ ಸುತ್ತುಗಳು ಒಂದೊಂದಾಗಿ ಮುಗಿದು ಹಸಿರು ಅಂಕಿಗಳು ಉರುಳುತ್ತಿದ್ದವು. ಜನ ಬಗ್ಗಿ ನೋಡಿದರು. ಯಾರೋ ಒಬ್ಬರು, "ಒಡ್ಡಿನ ಮೇಲೆ ಹೋಗ್ತಿರೋದು ನಮ್ಮ ಕರಿ ಹಸು ಅಲ್ವಾ?" ಎಂದರು. ಕಾರ್ಡು ಅದನ್ನು ಹಸು ಎಂದೇ ಗುರುತಿಸಿತ್ತು. ಬಾಗಿಲಲ್ಲಿ ನಿಂತಿದ್ದ ಸುಲೋಚನಮ್ಮ ಸೆರಗು ಸರಿಮಾಡಿಕೊಂಡು ಸುತ್ತಲೂ ಒಂದು ಸಲ ಕಣ್ಣಾಡಿಸಿದರು.

ಆರು ಗಂಟೆಯಾಯಿತು. ದೂರದ ತೋಟಗಳಲ್ಲಿ ಮೋಟಾರುಗಳು ಎದ್ದ ಸದ್ದು ಕೇಳಿತು. ಟ್ಯೂಬ್‌ಲೈಟು ಮಂಕಾಯಿತು. ಮೇಜಿನ ಕೆಳಗಿದ್ದ ಯುಪಿಎಸ್ 'ಟಕ್' ಎಂದಿತು. ಪರದೆ ಕಪ್ಪಾಯಿತು.

ವಿನುತಾ ಮತ್ತೆ ಶುರು ಮಾಡಿದಳು. ಕಂಪ್ಯೂಟರು ಎದ್ದು ನಿಂತು ನಾಲ್ಕು ಸುತ್ತು ಓಡಿತು. 'ಟಕ್'. ಮತ್ತೆ ಕಪ್ಪು.

"ನಾನು ಹೇಳ್ಲಿಲ್ವಾ," ಎಂದರು ಶಿವಶಂಕರಪ್ಪ, ಬೈಗುಳದ ದನಿಯಲ್ಲೇನೂ ಅಲ್ಲ. "ಜೀಪಿಗೆ ಎಷ್ಟು ಶಕ್ತಿ ಇದೆಯೋ ಅಷ್ಟೇ ಲೋಡು ಹಾಕ್ಬೇಕು. ಎಳೆದು ಎಳೆದು ಓಡ್ಸಿದ್ರೆ ಏರೀಲೇ ನಿಲ್ತದೆ. ನಾಳೆಯಿಂದ ಗೇಟಿಗೆ ಬೀಗ."

"ಒಂದು ವಾರ ಕೊಡಿ ದೊಡ್ಡಮಾವ."

"ಬೀಗ ಹಾಕ್ತೀನಿ. ವಾರವೂ ಕೊಡ್ತೀನಿ. ಮುಂದಿನ ಭಾನುವಾರ ಇದು ನಿಲ್ಲದೆ ಓಡಿದ್ರೆ ಬೀಗ ತೆಗೀತೀನಿ. ನಿಂತ್ರೆ, ಗೇಟಿಗೆ ವೆಲ್ಡಿಂಗೇ ಮಾಡಿಸ್ತೀನಿ."

ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅವಳು ಲೈನಿನ ಮಕ್ಕಳನ್ನು ನೋಡಿದಳು. ಜೀಪ್ ರಸ್ತೆಯ ದೂಳಿನಲ್ಲಿ ಬ್ಯಾಗು ಹೊತ್ತು ಸಾಲಾಗಿ ನಡೆಯುತ್ತಿದ್ದರು. ಇಬ್ಬರು ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದರು. ತರಗತಿಯಲ್ಲಿ ಬೋರ್ಡಿಗೆ ಬೆನ್ನು ಹಾಕಿ ನಿಂತಾಗಲೂ ಅವಳ ಕಿವಿಯಲ್ಲಿ ಆ 'ಟಕ್' ಕೇಳುತ್ತಿತ್ತು.

ಆಗ ಹೊಳೆಯಿತು. ಆ ಸದ್ದನ್ನು ಅವಳು ಕೇಳದ ದಿನವೇ ಇಲ್ಲ. ಈ ಕಡೆಯ ಯಾವ ಮನೆಯಲ್ಲಾದರೂ ಸರಿ, ಫ್ರಿಜ್ಜಿನ ಹಿಂದೆ, ಟಿವಿಯ ಕೆಳಗೆ, ಸಂಜೆಯಾದರೆ ಸ್ಟೆಬಿಲೈಜರು ಟಕ್ ಟಕ್ ಅನ್ನುತ್ತಲೇ ಇರುತ್ತದೆ. ಹುಟ್ಟಿದಾಗಿನಿಂದ ಕೇಳಿ ಕೇಳಿ ಅದು ಸದ್ದೇ ಅಲ್ಲವಾಗಿದೆ. ಬೇರೆ ಊರಿನವನು ಕೋಣೆಯಲ್ಲಿದ್ದಿದ್ದರೆ ಅದೇನದು ಎಂದು ಕೇಳಿರುತ್ತಿದ್ದ. ಕೋಣೆ ತುಂಬ ಇದ್ದವರಲ್ಲಿ ಒಬ್ಬರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಇನ್ನೂ ದೊಡ್ಡ ತಪ್ಪು ಅವಳದೇ ಇತ್ತು: ಕಾರ್ಡನ್ನು ಪರೀಕ್ಷೆ ಮಾಡಿದ್ದೆಲ್ಲ ಬೆಳಗಿನ ತಂಪಿನಲ್ಲಿ, ಬೆಳಗಿನ ಕರೆಂಟಿನಲ್ಲಿ. ಆನೆ ಇಳಿಯುವುದು ಸಂಜೆಗೆ.

ಅವತ್ತು ಸಂಜೆ ಕಾಲೇಜಿನ ಲ್ಯಾಬಿನಿಂದ ಮಲ್ಟಿಮೀಟರು ತಂದು ಪ್ಲಗ್ಗಿಗೆ ಸಿಕ್ಕಿಸಿ ಕಾದಳು. ಐದು ಐವತ್ತಕ್ಕೆ ಇನ್ನೂರ ಇಪ್ಪತ್ತೈದು ವೋಲ್ಟು. ಆರಕ್ಕೆ ಮೋಟಾರುಗಳು ಎದ್ದ ಕೂಡಲೇ ನೂರ ಎಪ್ಪತ್ತೊಂದು. ವೋಲ್ಟೇಜು ಬಿದ್ದದ್ದನ್ನು ನೋಡಿ ಯುಪಿಎಸ್ ಅದನ್ನು ಏರಿಸಿಕೊಳ್ಳಲು ಒಳಗಿನ ಸ್ವಿಚ್ಚು ಬದಲಾಯಿಸಿತು: ಟಕ್. ಕಂಪ್ಯೂಟರು ಕಪ್ಪಾಯಿತು. ಮಂಗಳವಾರ ಕಾರ್ಡನ್ನು ತಯಾರಿಸಿದವರ ಹಳೆಯ ವೇಗಕ್ಕೇ ತಂದು, ಆರು ಕ್ಯಾಮೆರಾಗಳನ್ನೂ ಕೊಟ್ಟು ನೋಡಿದಳು. ಮೊದಲ ಟಕ್ಕನ್ನು ತಾಳಿಕೊಂಡಿತು, ಎರಡನೆಯದಕ್ಕೆ ಮಲಗಿತು.

ವಿನುತಾಗೆ ನಗು ಬಂತು. ಅಂದರೆ ತಪ್ಪು ವೇಗದ್ದಲ್ಲ. ಕಾರ್ಡು ಎಳೆಯುತ್ತಿದ್ದ ವಿದ್ಯುತ್ತಿನದು. ಐದೇ ಕ್ಯಾಮೆರಾ ಇದ್ದಾಗ ಅದಕ್ಕೆ ನಡುನಡುವೆ ಬಿಡುವಿತ್ತು, ಆರಾದ ಮೇಲೆ ಅದೂ ಇಲ್ಲ.

"ಒಬ್ಬಳೇ ನಗ್ತಿದ್ದೀಯಲ್ಲೇ," ಎಂದರು ಕರೆಯಲು ಬಂದಿದ್ದ ಸುಲೋಚನಮ್ಮ. "ಊಟಕ್ಕೆ ಬರ್ತೀಯೋ, ಇಲ್ಲೇ ಹಾಸಿಗೆ ಹಾಕ್ಲೋ?"

"ಅತ್ತೆ, ಟ್ಯಾಂಕು ಖಾಲಿಯಾಗ್ತಿದೆ ಅಷ್ಟೆ!"

"ಯಾವ ಟ್ಯಾಂಕೇ? ಬೆಳಿಗ್ಗೆ ತಾನೇ ತುಂಬ್ಸಿದ್ದೀನಿ."

ಅವಳು ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದಳು. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ವಿದ್ಯುತ್ತನ್ನು ಹಿಡಿದಿಡುವ ಒಂದು ಪುಟ್ಟ ಟ್ಯಾಂಕು ಇರುತ್ತದೆ. ಟಕ್ ಅನ್ನುವ ಆ ಕ್ಷಣದಲ್ಲಿ, ಸೆಕೆಂಡಿನ ನೂರನೇ ಒಂದು ಪಾಲು, ಹೊರಗಿನಿಂದ ಏನೂ ಬರುವುದಿಲ್ಲ, ಟ್ಯಾಂಕಿನಲ್ಲಿದ್ದದ್ದರಲ್ಲೇ ಕಳೆಯಬೇಕು. ಬೆಳಿಗ್ಗೆಯಾದರೆ ಟ್ಯಾಂಕು ಭರ್ತಿ. ಸಂಜೆ ಮೋಟಾರುಗಳು ಎದ್ದಾಗ ಅರ್ಧಕ್ಕೂ ಕಡಿಮೆ. ಅಷ್ಟರಲ್ಲಿ ಕಾರ್ಡು ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು ಕುಡಿಯುತ್ತಿದ್ದರೆ, ಆ ಒಂದು ಕ್ಷಣವೂ ಸಾಲುವುದಿಲ್ಲ.

"ಹಂಗಾದ್ರೆ ನಲ್ಲಿ ಸಣ್ಣಗೆ ಮಾಡು," ಎಂದರು ಸುಲೋಚನಮ್ಮ. "ಆದ್ರೆ ಸಣ್ಣಗೆ ಮಾಡಿದ್ರೆ ಓಡಬೇಕಲ್ಲ ನಿನ್ನ ಕೂಸು?"

ಪ್ರಶ್ನೆ ಅದೇ. ಮತ್ತು ಅದಕ್ಕೆ ಉತ್ತರ ವಿನುತಾಗೆ ಗೊತ್ತಿತ್ತು. ಇಷ್ಟು ದಿನ ಅದರ ಅಗತ್ಯ ಬಿದ್ದಿರಲಿಲ್ಲ. ಕಾರ್ಡು ತಯಾರಿಸುವವರು ತಮ್ಮ ಅತಿ ದುರ್ಬಲ ಕಾರ್ಡಿಗೂ ಸಾಕಾಗುವಷ್ಟು ವೋಲ್ಟೇಜನ್ನು ಎಲ್ಲ ಕಾರ್ಡುಗಳಿಗೂ ಇಟ್ಟಿರುತ್ತಾರೆ. ಒಳ್ಳೆಯ ಚಿಪ್ಪಿಗೆ ಅಷ್ಟು ಬೇಕಿರುವುದಿಲ್ಲ. ಅದೇ ವೇಗವನ್ನು ಕಡಿಮೆ ವೋಲ್ಟಿನಲ್ಲಿ ಓಡಲು ಕಲಿಸಿದರೆ, ವೋಲ್ಟು ಸ್ವಲ್ಪವೇ ಇಳಿದರೂ ಎಳೆಯುವ ವಿದ್ಯುತ್ತು ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಬಿಸಿಯೂ ಇಳಿಯುತ್ತದೆ. ವೇಗ ಏರಿಸುವುದೆಂದರೆ ಇನ್ನಷ್ಟು ಕುಡಿಸುವುದು ಎಂದು ಎಲ್ಲರೂ ತಿಳಿದಿರುತ್ತಾರೆ. ಕಡಿಮೆ ಕುಡಿಸಿ ಹೆಚ್ಚು ಓಡಿಸುವುದು ಕಷ್ಟದ ಕೆಲಸ; ಆ ಕಾರ್ಡಿನ ಗುಣವನ್ನೇ ತಿಳಿದಿರಬೇಕು.

ಬುಧವಾರ ಶಿವರಾತ್ರಿ. ಊರಿನಲ್ಲಿ ಯಾರೂ ಮೋಟಾರು ಹಾಕಲಿಲ್ಲ. ವೋಲ್ಟೇಜು ಇನ್ನೂರ ಇಪ್ಪತ್ತೆಂಟರಲ್ಲಿ ಕದಲದೆ ನಿಂತಿತ್ತು, ಅಂಥ ಒಳ್ಳೆಯ ಕರೆಂಟಿಗೆ ವಿನುತಾ ಮೊದಲ ಸಲ ಬೈದುಕೊಂಡಳು. ದೇವಸ್ಥಾನದಲ್ಲಿ ಸಾಲಿನಲ್ಲಿ ನಿಂತಾಗ ಪ್ರಸಾದ್ ಹಿಂದಿನಿಂದ, "ಎಲ್ಲರೂ ಕರೆಂಟ್ ಚೆನ್ನಾಗಿ ಕೊಡಪ್ಪಾ ಅಂತ ಕೇಳ್ಕೊಂಡ್ರೆ, ನೀನು ಕೆಡಿಸಪ್ಪಾ ಅಂತ ಕೇಳ್ಕೊತಿದ್ದೀಯಲ್ಲ," ಎಂದ.

ಗುರುವಾರದಿಂದ ಅವಳು ಸಂಜೆಯೇ ಕೆಲಸ ಮಾಡಿದಳು. ಕಾರ್ಡಿನ ವೋಲ್ಟನ್ನು ೧.೦೫ರಿಂದ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ, ಪ್ರತಿ ಹೆಜ್ಜೆಗೂ ಐನೂರು ಚಿತ್ರಗಳ ಪರೀಕ್ಷೆ. ಗೋಡೌನಿನ ತಗಡಿನ ಮಾಡು ಹಗಲೆಲ್ಲ ಕಾದು ಕೋಣೆ ಬಾಣಲೆಯಾಗಿರುತ್ತಿತ್ತು. ಅಂಥ ಹೊತ್ತಿನಲ್ಲೇ ಬೇಕೆಂದು ಬಾಗಿಲು ಮುಚ್ಚಿಕೊಂಡು ಕೂರುತ್ತಿದ್ದಳು. ಕಾರ್ಡಿನ ಫ್ಯಾನುಗಳಲ್ಲಿ ಸಿಕ್ಕಿದ್ದ ಕಾಫಿ ಸಿಪ್ಪೆಯ ದೂಳನ್ನು ಕುಂಚದಿಂದ ತೆಗೆದಳು. ಅದಕ್ಕೇ ಮೂರು ಡಿಗ್ರಿ ಇಳಿಯಿತು. ವೋಲ್ಟು ೦.೮೮ಕ್ಕೆ ಬಂದಾಗ ಕಾರ್ಡು ಮತ್ತೊಂದು ಸುಳ್ಳು ಹೇಳಿತು. ೦.೯೨ಕ್ಕೆ ಹಿಂದಿರುಗಿದಳು. ಅಷ್ಟಕ್ಕೇ ತೃಪ್ತಿಪಡದೆ ವೇಗವನ್ನೂ ನೂರ ಇಪ್ಪತ್ತರಿಂದ ನೂರ ಐದಕ್ಕೆ ಇಳಿಸಿ, ಸುತ್ತಿನ ಸಮಯ ಸ್ವಲ್ಪ ಹೆಚ್ಚಾದರೂ ಒಪ್ಪಿಕೊಂಡಳು. ಎರಡು ಸೆಕೆಂಡಿನ ಒಳಗಿದ್ದರೆ ಸಾಕು. ಅದಕ್ಕಿಂತ ವೇಗದಿಂದ ಆನೆಗೂ ಉಪಯೋಗವಿಲ್ಲ, ಮನುಷ್ಯರಿಗೂ ಇಲ್ಲ.

ಶನಿವಾರ ಅವಳು ಕಿರಣ್‌ಕುಮಾರನಿಗೆ ಅಂಕಿಗಳನ್ನು ಕಳಿಸಿದಳು. ಐದು ನಿಮಿಷದಲ್ಲಿ ಅವನ ಫೋನು ಬಂತು.

"ಮೇಡಂ, ನೂರೆಂಬತ್ತು ವಾಟ್ ಕುಡೀತಿದ್ದ ಕಾರ್ಡು ನೂರಮೂವತ್ತೆರಡಕ್ಕೆ ಬಂದಿದೆ. ಸ್ಪೀಡು ಕಂಪನಿಯೋರು ಕೊಟ್ಟಿದ್ದಕ್ಕಿಂತ ಜಾಸ್ತಿ ಇದೆ. ಇದು ನಿಜಾನಾ, ನನ್ನ ಹತ್ರ ತಮಾಷೆ ಮಾಡ್ತಿದ್ದೀರಾ?"

"ಬಂದು ನೋಡಿ."

"ನಾಳೆನೇ ಬರ್ತೀನಿ. ಅಂಗಡಿ ಬಾಗಿಲು ಹಾಕ್ಕೊಂಡೇ ಬರ್ತೀನಿ."

ಮಾರ್ಚ್ ಎರಡನೇ ತಾರೀಕು ಭಾನುವಾರ ಸಂಜೆ ಕೋಣೆಯಲ್ಲಿ ಹಿಂದಿನ ವಾರಕ್ಕಿಂತ ಹೆಚ್ಚು ಜನ. ಮೊದಲು ನೀರು ಕೊಟ್ಟಿದ್ದ ತೋಟಗಳಲ್ಲಿ ಹೂವು ಬಿಟ್ಟು, ಅದರ ಘಮ ಗೋಡೌನಿನ ಹುಳಿವಾಸನೆಯನ್ನೂ ಮೀರಿ ಒಳಗೆ ಬರುತ್ತಿತ್ತು. ಕಿರಣ್‌ಕುಮಾರ ಗೋಣಿಕೊಪ್ಪಲಿನಿಂದ ಬಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಲೈನಿನಿಂದ ನಾಲ್ಕೈದು ಹೆಂಗಸರೂ ಬಂದು ಹೊರಗೆ ಜಗುಲಿಯ ಮೇಲೆ ಕುಳಿತಿದ್ದರು. ಅವರ ಮಕ್ಕಳ ದಾರಿಯ ಮಾತು ಇದು.

ಆರಕ್ಕೆ ಮೋಟಾರುಗಳು ಎದ್ದವು. ಟ್ಯೂಬ್‌ಲೈಟು ಮಂಕಾಯಿತು. ಟಕ್.

ಹಸಿರು ಅಂಕಿಗಳು ಉರುಳುತ್ತಲೇ ಇದ್ದವು.

ಜನರಲ್ಲಿ ಗುಜುಗುಜು ಎದ್ದಿತು. ಶಿವಶಂಕರಪ್ಪನವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ಒಂದ್ಸಲ ಯಾರು ಬೇಕಾದ್ರೂ ತಡ್ಕೋತಾರೆ," ಎಂದು ಜೇಬಿನಿಂದ ಫೋನು ತೆಗೆದರು. ಅವರ ಪಂಪ್‌ಹೌಸು ಗೋಡೌನಿನ ಟ್ರಾನ್ಸ್‌ಫಾರ್ಮರಿನಲ್ಲೇ ಇತ್ತು. ಊರಿನಲ್ಲೇ ದೊಡ್ಡ ಮೋಟಾರು ಅವರದು. ಅಲ್ಲಿ ಅವರ ತಮ್ಮನ ಮಗ ನಿತೇಶನನ್ನು ಮೊದಲೇ ನಿಲ್ಲಿಸಿದ್ದರು.

"ನಿತೇಶ, ಮೋಟಾರ್ ಆಫ್ ಮಾಡು." ಸ್ವಲ್ಪ ಹೊತ್ತಿಗೆ ಲೈಟು ಬೆಳಗಿತು. ಟಕ್. "ಈಗ ಹಾಕು." ಲೈಟು ಕುಗ್ಗಿತು. ಟಕ್. "ಆಫ್ ಮಾಡು. ಹಾಕು. ಮತ್ತೆ ಆಫ್ ಮಾಡು."

ಫೋನಿನಿಂದ ನಿತೇಶನ ದನಿ ಕೋಣೆಗೆಲ್ಲ ಕೇಳಿತು. "ದೊಡ್ಡಪ್ಪಾ, ಹಿಂಗೆ ಮಾಡಿದ್ರೆ ಮೋಟಾರು ಸುಟ್ಟೋಗ್ತದೆ!"

"ಸುಟ್ರೆ ನಂದು ಸುಡ್ತದೆ. ನೀನು ಹಾಕೋ."

ಸುಲೋಚನಮ್ಮ ಬಾಗಿಲಿನಿಂದಲೇ, "ನಿಮ್ಮ ಮೋಟಾರು ಸುಟ್ರೂ ನನ್ನ ಸೊಸೆ ಕಾರ್ಡು ಸುಡಲ್ಲ ಬಿಡಿ ಭಾವ," ಎಂದರು. ಎಲ್ಲರೂ ನಕ್ಕರು, ಶಿವಶಂಕರಪ್ಪನವರು ನಗಲಿಲ್ಲ, ಆದರೆ ಅವರ ಮೀಸೆ ಕದಲಿತು.

ವಿನುತಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಇಂಥ ಪರೀಕ್ಷೆಯನ್ನು ತಾನೇ ಯೋಚಿಸಿದ್ದರೂ ಯಾರನ್ನೂ ಕೇಳುವ ಧೈರ್ಯ ಅವಳಿಗೆ ಬರುತ್ತಿರಲಿಲ್ಲ. ಯಾರ ಮೋಟಾರನ್ನು ಕೇಳುವುದು? ಟಕ್. ಟಕ್. ಕಾರ್ಡಿನ ತಾಪ ಅರವತ್ತಾರು ಡಿಗ್ರಿಯಲ್ಲಿ ನಿಂತಿತ್ತು. ಮೋಟಾರಿನ ಕಾಟ ನಡೆದಿರುವಾಗಲೇ ಅವಳು ಐನೂರು ಚಿತ್ರಗಳನ್ನು ಓಡಿಸಿದಳು. ಪರದೆಯ ಕೊನೆಯ ಸಾಲು ಬಂತು: ತಪ್ಪು, ಸೊನ್ನೆ. ಎದೆಯೊಳಗೆ ಏನೋ ಅಗಲವಾದಂತಾಗಿ ಅವಳು ಹಿಂದಿನ ಗೋಡೆಗೆ ಒರಗಿದಳು. ಕಾಲೇಜಿನಲ್ಲಿ ರ‍್ಯಾಂಕು ಬಂದ ದಿನವೂ ಹೀಗಾಗಿರಲಿಲ್ಲ. ಅದು ಯಾರೋ ಕೊಟ್ಟ ಪ್ರಶ್ನೆಗೆ ಬರೆದ ಉತ್ತರ. ಇದು ಈ ಊರಿನ ಕರೆಂಟು, ಈ ಊರಿನ ದೂಳು, ಈ ಊರಿನ ಬಿಸಿಲಿನಲ್ಲಿ ನಿಲ್ಲುವ ಹಾಗೆ ಅವಳೇ ತಿದ್ದಿದ ಕಾರ್ಡು.

"ಮೇಡಂ," ಎಂದ ಕಿರಣ್‌ಕುಮಾರ ಮೂಲೆಯಿಂದ, "ಇದನ್ನ ನಮ್ಮ ಹುಡುಗ್ರಿಗೆ ಹೇಳ್ಕೊಡೋಕೆ ಒಂದಿನ ಅಂಗಡಿಗೆ ಬರ್ತೀರಾ? ನಾನು ಹೇಳಿದ್ರೆ ನಂಬಲ್ಲ ನನ್ಮಕ್ಳು."

ಶಿವಶಂಕರಪ್ಪನವರು ಎದ್ದರು. ಸೊಂಟದಿಂದ ಬೀಗದ ಕೈ ಬಿಚ್ಚಿ ಪ್ರಸಾದನ ಕೈಗೆ ಹಾಕಿದರು. "ಹೋಗಿ ಗೇಟು ತೆಗೆದು ಬಾ. ಗೇಟನ್ನೂ ಕಿತ್ತು ಗೋಡೌನಿಗೆ ಹಾಕು, ಅಡ್ಡ ಬೇಡ." ಜಗುಲಿಯ ಹೆಂಗಸರು ಆಗಲೇ ಎದ್ದು ಪ್ರಸಾದನ ಹಿಂದೆ ಹೊರಟಿದ್ದರು. ಅವರ ಹಿಂದೆ ಅರ್ಧ ಸಂಘವೇ ಹೊರಟಿತು. ಸ್ವಲ್ಪ ಹೊತ್ತಿಗೆ ಆರನೇ ಕ್ಯಾಮೆರಾದಲ್ಲಿ ಒಡ್ಡಿನ ಮೇಲೆ ಅವರೆಲ್ಲ ಸಾಲಾಗಿ ಹೋಗುವುದು ಕಂಡಿತು. ಕಾರ್ಡು ಪ್ರತಿಯೊಬ್ಬರನ್ನೂ ಮನುಷ್ಯರೆಂದು ಎಣಿಸಿತು.

ಶಿವಶಂಕರಪ್ಪನವರು ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದರು. ಆ ಕಡೆ ಪಕ್ಕದೂರಿನ ಸಂಘದ ಅಧ್ಯಕ್ಷ ಇದ್ದಂತಿತ್ತು.

"ಹೌದಪ್ಪಾ, ನಮ್ಮೂರಲ್ಲೇ. ನಮ್ಮ ಸೊಸೇನೇ ಮಾಡಿದ್ದು. ನಿಮ್ಮೋರು ಮೈಸೂರಿಂದ ಎಂಜಿನಿಯರ್ ಕರೆಸ್ತೀವಿ ಅಂತಿದ್ರಲ್ಲ, ಯಾಕೆ ಕರೆಸ್ತೀರಾ, ನಮ್ಮಲ್ಲಿಗೇ ಬನ್ನಿ... ಏನು? ಮೋಟಾರ್ ಹಾಕಿದ್ರೂ ನಿಲ್ಲಲ್ಲ. ನಾನೇ ನಿಲ್ಲಿಸೋಕೆ ನೋಡ್ದೆ, ನಿಲ್ಲಲಿಲ್ಲ... ಎಷ್ಟು ಹೊತ್ತಾ? ಆರು ಕ್ಯಾಮೆರಾನೂ ನೋಡಿ ಮುಗ್ಸೋಕೆ ಒಂದೇ ಸೆಕೆಂಡು!"

"ದೊಡ್ಡಮಾವ, ಒಂದಲ್ಲ," ಎಂದಳು ವಿನುತಾ ತಿರುಗಿ.

"ಇರಪ್ಪಾ ಒಂದ್ನಿಮಿಷ." ಅವರು ಫೋನನ್ನು ಎದೆಗೊತ್ತಿಕೊಂಡು, "ಹೆಚ್ಚುಕಮ್ಮಿ ಅಷ್ಟೇ ಅಲ್ವೇನಮ್ಮಾ? ಅವನಿಗೇನು ಗೊತ್ತಾಗ್ತದೆ?" ಎಂದರು.

"ಇಲ್ಲ ದೊಡ್ಡಮಾವ. ಇದ್ದಷ್ಟೇ ಹೇಳಿ."

ಅವರು ಕನ್ನಡಕ ಏರಿಸಿ, ಪರದೆಯ ಹತ್ತಿರಕ್ಕೆ ಬಗ್ಗಿ, ಅಂಕಿಯನ್ನು ಒಂದು ಸಲ ತಮ್ಮಷ್ಟಕ್ಕೇ ಓದಿಕೊಂಡರು. ಆಮೇಲೆ ಫೋನನ್ನು ಮತ್ತೆ ಕಿವಿಗೆ ತಂದು, ಆ ಕಡೆಯವನು ಬರೆದುಕೊಳ್ಳುತ್ತಿದ್ದಾನೇನೋ ಎಂಬಂತೆ, ಬಿಡಿಬಿಡಿಯಾಗಿ ಹೇಳಿದರು:

"ಒಂದು ಪಾಯಿಂಟ್ ಒಂಬತ್ತು ನಾಲ್ಕು ಸೆಕೆಂಡು."